ದೀರ್ಘ ಕಾಯಿಲೆ ಮತ್ತು ಮನಸ್ಸಿನ ಆರೈಕೆ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅವನ ಕೃಪೆಯಿರಲಿ.



ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ ತೊಂದರೆಗಳು ವರ್ಷಗಟ್ಟಲೆ ಜೊತೆಗಿರುತ್ತವೆ. ಮಾತ್ರೆ, ರಕ್ತ ಪರೀಕ್ಷೆ, ಪಥ್ಯ, ಖರ್ಚು ಎಲ್ಲ ಸೇರಿ ಮನಸ್ಸು ಬಳಲುತ್ತದೆ. ರೋಗಿ ಮಾತು ಕಡಿಮೆ ಮಾಡುತ್ತಾರೆ, ನಿದ್ದೆ ಹಾರಿಹೋಗುತ್ತದೆ, ಮದುವೆ ಮನೆಗೂ ಹೋಗಲು ಮನಸ್ಸಾಗುವುದಿಲ್ಲ. ಆಗ ನಾವು, "ಈಮಾನ್ ಗಟ್ಟಿಯಿದ್ದರೆ ಹೀಗಾಗುತ್ತಿರಲಿಲ್ಲ" ಎಂದುಬಿಡುತ್ತೇವೆ. ಈ ಮಾತು ನೊಂದವರನ್ನು ಇನ್ನಷ್ಟು ನೋಯಿಸುತ್ತದೆ. ಅದು ಸರಿಯೂ ಅಲ್ಲ.

ಪ್ರವಾದಿ ಯಾಕೂಬ್(ಅ)ರ ಈಮಾನ್ ದುರ್ಬಲವಾಗಿತ್ತೇ? ಮಗನನ್ನು ಕಳೆದುಕೊಂಡ ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದುವೆಂದು ಕುರ್‌ಆನ್ ತಿಳಿಸುತ್ತದೆ. ಅಯ್ಯೂಬ್(ಅ)ರು ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಆದರೂ ಕುರ್‌ಆನ್ ಅವರನ್ನು ಸಹನಶೀಲರೆಂದೇ ಪ್ರಶಂಸಿಸಿದೆ. ನೋವನ್ನು ಹೇಳಿಕೊಳ್ಳುವುದು ಸಬ್ರ್‌ಗೆ ವಿರುದ್ಧವಲ್ಲ.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್-ಬಲ್ಖೀ, ಈಗಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದ ವಿದ್ವಾಂಸರು. ದೇಹದ ಆರೋಗ್ಯಕ್ಕೆ ಒಂದು ಭಾಗ, ಮನಸ್ಸಿನ ಆರೋಗ್ಯಕ್ಕೆ ಇನ್ನೊಂದು ಭಾಗ ಮೀಸಲಿಟ್ಟು ಅವರು ಗ್ರಂಥ ರಚಿಸಿದರು. ಇವೆರಡರಲ್ಲಿ ಒಂದು ಕೆಟ್ಟರೆ ಇನ್ನೊಂದೂ ಬಳಲುತ್ತದೆ ಎಂಬುದು ಅವರ ನಿಲುವು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ತಿಳಿಯದ ದುಃಖ ಬೇರೆ ಎಂದು ವಿಂಗಡಿಸಿ, ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದರು. ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಆರೋಗ್ಯವಿದ್ದಾಗಲೇ ಧೈರ್ಯದ ವಿಚಾರಗಳನ್ನೂ ಮನಸ್ಸಿನಲ್ಲಿ ಕೂಡಿಡಬೇಕೆಂದರು.

ಇಂದಿನ ವೈದ್ಯರೂ ಹೇಳುವುದು ಇದನ್ನೇ. ಚಿಂತೆ ಹೆಚ್ಚಿದಾಗ ದೇಹದಲ್ಲಿ ಕೆಲವು ಹಾರ್ಮೋನುಗಳು ಏರಿ, ರಕ್ತದ ಸಕ್ಕರೆಯೂ ಏರುತ್ತದೆ. ಖಿನ್ನತೆಗೊಳಗಾದವರು ಮಾತ್ರೆ, ಪಥ್ಯ ತಪ್ಪಿಸುತ್ತಾರೆ, ಕಾಯಿಲೆ ಉಲ್ಬಣಿಸುತ್ತದೆ.

ಹಾಗಾದರೆ ನಾವೇನು ಮಾಡಬೇಕು? ದುಆ ಮಾಡೋಣ, ಜೊತೆಗೆ ಔಷಧಿಯನ್ನೂ ತಪ್ಪಿಸದಿರೋಣ. ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರೇ ಕಲಿಸಿದ್ದಾರೆ. ರೋಗಿಗೆ ಉಪವಾಸದಲ್ಲಿ ವಿನಾಯಿತಿಯಿದೆ. ನಿಲ್ಲಲಾಗದವರು ಕುಳಿತು ನಮಾಝ್ ಮಾಡಬಹುದು. ಇವು ಅಲ್ಲಾಹನ ಕಾರುಣ್ಯ. ವೈದ್ಯರು ಬೇಡವೆಂದರೂ ಹಟದಿಂದ ಉಪವಾಸ ಹಿಡಿದು ಇನ್ಸುಲಿನ್ ಬಿಡುವುದು ಭಕ್ತಿಯಲ್ಲ. ರೋಗಿಗೂ ದುಃಖಿತರಿಗೂ ಬಾರ್ಲಿ ಹಿಟ್ಟಿನ ಗಂಜಿ 'ತಲ್ಬೀನಾ' ಮನಸ್ಸಿಗೆ ಹಿತವೆಂದು ಪ್ರವಾದಿ(ಸ) ಹೇಳಿದ್ದರು. ಪ್ರೀತಿಯಿಂದ ಬಡಿಸಿದ ಊಟವೂ ಆರೈಕೆಯೇ.

ಆರೈಕೆ ಮಾಡುವವರನ್ನೂ ಮರೆಯಬಾರದು. ಇಬಾದತ್‌ನಲ್ಲಿ ಮುಳುಗಿ ತಮ್ಮನ್ನೂ ಮನೆಯವರನ್ನೂ ಮರೆತಿದ್ದ ಅಬುದ್ದರ್‌ದಾ(ರ)ರಿಗೆ, ಸ್ವಂತ ಶರೀರಕ್ಕೂ ಮನೆಯವರಿಗೂ ಹಕ್ಕಿದೆಯೆಂದು ಸಲ್ಮಾನ್(ರ) ನೆನಪಿಸಿದರು. ಪ್ರವಾದಿ(ಸ) ಅದನ್ನು ಸರಿಯೆಂದರು. ವರ್ಷಗಳಿಂದ ಗಂಡನ ಡಯಾಲಿಸಿಸ್‌ಗೆ ಓಡಾಡುವ ಸಹೋದರಿಗೂ ನಿದ್ದೆಯ ಹಕ್ಕಿದೆ. ಒಂದು ದಿನ ಮಗನೋ ಮೈದುನನೋ ಆ ಹೊಣೆ ಹೊರಲಿ.

ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಹೋದಾಗ ಇತರರ ಮರಣದ ಕತೆ ಹೇಳದೆ, ಅವರ ಮಾತು ಕೇಳೋಣ. ಬದುಕೇ ಬೇಡವೆಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳದೆ ತಕ್ಷಣ ಮನೋವೈದ್ಯರ ಬಳಿ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ, ಅವರ ಆರೈಕೆ ಮಾಡುವವರಿಗೆ ಶಕ್ತಿ, ನಮ್ಮ ನಾಲಿಗೆಗಳಿಗೆ ಮೃದುತ್ವವನ್ನು ದಯಪಾಲಿಸಲಿ. ಆಮೀನ್.