ಪರವೂರಿನಿಂದ ಬಂದ ಅಡಿಗೆಯವರು

ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಉಂಡವನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಈ ಗಾದೆ ತಿಳಿಸುತ್ತದೆ. ಉಣಬಡಿಸಿದವನ ಮಾತನ್ನು ಅದು ಎತ್ತುವುದೇ ಇಲ್ಲ. ಬಡಿಸುವವರು ತಾಯಿಯೋ ಅತ್ತೆಯೋ ಅಕ್ಕನೋ ಆಗಿದ್ದ ಕಾಲದಲ್ಲಿ ಎತ್ತಬೇಕಾದ ಅಗತ್ಯವೂ ಇರಲಿಲ್ಲವೆನ್ನಿ. ಈಗ ಹಾಗಲ್ಲ. ಪಟ್ಟಣದಲ್ಲಿ ಸಂಸಾರ ಹೂಡಿರುವ ನೀವು ವಾರಕ್ಕೊಮ್ಮೆಯಾದರೂ ಹೊರಗಿನ ತಿಂಡಿ ತಿನ್ನುತ್ತೀರಿ. ಭಾನುವಾರ ಬೆಳಿಗ್ಗೆ ಮಕ್ಕಳು ದೋಸೆ ಕಟ್ಟಿಸಿಕೊಂಡು ಬರುತ್ತಾರೆ. ಮದುವೆಮನೆಯಲ್ಲಂತೂ ಅಡಿಗೆಯೆಲ್ಲ ಗುತ್ತಿಗೆಯವರದೇ. ಆ ಅಡಿಗೆ ಮಾಡಿದ ಕೈ ಯಾವ ಊರಿನದು? ಅದು ಇಲ್ಲಿಗೆ ಏಕೆ ಬಂತು? ಬಂದ ಮೇಲೆ ಈ ಊರು ಅದನ್ನು ತನ್ನದೆಂದು ಒಪ್ಪಿಕೊಂಡಿತೆ? ಈ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೈಸೂರಿನ ಉದಯಗಿರಿಯನ್ನೇ ತೆಗೆದುಕೊಳ್ಳಿ. ನಗರದ ಈಶಾನ್ಯಕ್ಕೆ ಬೆಳೆದುಕೊಂಡ ಬಡಾವಣೆ ಅದು. ಮುಸಲ್ಮಾನರ ಮನೆಗಳು ಹೆಚ್ಚು. ಹಿಂದೂಗಳ ಮನೆಗಳೂ ಉಂಟು. ಇಂತಹ ಬಡಾವಣೆಯ ಬೀದಿಯಲ್ಲಿ ಸಂಜೆ ಒಂದು ಸುತ್ತು ಹೋಗಿಬನ್ನಿ. ದೋಸೆಯ ಕಾವಲಿಯ ಮುಂದೆ ನಿಂತವನು ಕರಾವಳಿಯವನಿರಬಹುದು. ಬಿರಿಯಾನಿಯ ಪಾತ್ರೆಗೆ ದಮ್ಮು ಕಟ್ಟುವವನು ಪಕ್ಕದ ಜಿಲ್ಲೆಯವನಿರಬಹುದು. ಪಾನಿಪೂರಿಯ ಗಾಡಿಯವನು ಉತ್ತರದ ಸೀಮೆಯಿಂದ ಬಂದವನಿರಬಹುದು. ಮೈಸೂರಿನವರು ಮೈಸೂರಿನಲ್ಲಿ ತಿನ್ನುವುದು ಎಷ್ಟೋ ಸಲ ಪರವೂರಿನವರ ಕೈಯಡಿಗೆ. ಇದು ಇಂದು ನಿನ್ನೆ ಪ್ರಾರಂಭವಾದ ಸಂಗತಿಯೂ ಅಲ್ಲ. ಇದರ ಬೇರು ತಿಳಿಯಬೇಕಾದರೆ ಘಟ್ಟದ ಕೆಳಕ್ಕೆ ಇಳಿಯಬೇಕು.

ಉಡುಪಿಯ ಕೃಷ್ಣ ಮಠ ಅನ್ನದಾನಕ್ಕೆ ಹೆಸರಾದ ಕ್ಷೇತ್ರ. ಅಷ್ಟಮಠಗಳಲ್ಲಿ ಪೂಜೆಯ ಅಧಿಕಾರ ಎರಡು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತದೆ. ಪರ್ಯಾಯದ ದಿನಗಳಲ್ಲಿ ಸಾವಿರಾರು ಎಲೆ ಬೀಳುತ್ತದೆ. ನೂರಾರು ಜನಕ್ಕೆ ಒಂದೇ ಹದದಲ್ಲಿ ಹುಳಿ ಮಾಡುವುದು, ಅನ್ನ ಬಸಿಯುವುದು, ಎಲೆ ಖಾಲಿಯಾಗುವ ಮೊದಲೇ ಬಡಿಸುವುದು, ಇವು ಅಲ್ಲಿಯ ಹುಡುಗರಿಗೆ ಕಣ್ಣಲ್ಲೇ ಕಲಿತ ವಿದ್ಯೆ. ಆದರೆ ವಿದ್ಯೆಯಿದ್ದ ಮಾತ್ರಕ್ಕೆ ಹೊಟ್ಟೆ ತುಂಬಬೇಕಲ್ಲ! ಗೇಣಿಯ ತುಂಡು ಗದ್ದೆ, ಮನೆ ತುಂಬ ಮಕ್ಕಳು. ಮಳೆ ಹೆಚ್ಚಾದರೂ ಕಷ್ಟ, ಕಡಮೆಯಾದರೂ ಕಷ್ಟ. ಹತ್ತು ಹನ್ನೆರಡು ವರ್ಷದ ಹುಡುಗರು ಒಂದು ಬಟ್ಟೆಯ ಗಂಟು ಹಿಡಿದು ಘಟ್ಟ ಹತ್ತಿದರು, ಇಲ್ಲವೆ ಹಡಗು ಹತ್ತಿದರು.

ಮೂಡಬಿದಿರೆಯ ಬಳಿಯ ಕಡಂದಲೆಯ ಕೃಷ್ಣರಾಯರು ಹಾಗೆ ಹೊರಟವರಲ್ಲಿ ಒಬ್ಬರು. ಮದರಾಸಿನಲ್ಲಿ ಅವರಿಗೆ ಮೊದಲು ದೊರೆತದ್ದು ಹಿಟ್ಟು ರುಬ್ಬುವಂತಹ ಕೆಲಸ. ಆ ರುಬ್ಬುಗುಂಡಿನಿಂದ ಮೇಲೆದ್ದು ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ೧೯೬೨ರಲ್ಲಿ ಅವರು ತೆರೆದ ಡ್ರೈವ್-ಇನ್, ಎಂದರೆ ಕಾರಿನಲ್ಲಿ ಕುಳಿತಂತೆಯೇ ತಿಂಡಿ ತಿನ್ನುವ ಹೋಟೆಲು, ೨೦೦೮ರಲ್ಲಿ ಮುಚ್ಚಿದಾಗ ಮದರಾಸಿನ ಜನ ತಮ್ಮ ಮನೆಯದೇ ಏನೋ ಹೋದಂತೆ ಮರುಗಿದರು. ದಾಸಪ್ರಕಾಶದ ಸೀತಾರಾಮರಾಯರು ಮೊದಲು ಒಲೆ ಹೂಡಿದ್ದು ನಮ್ಮ ಮೈಸೂರಿನಲ್ಲಿ. ಮದರಾಸಿಗೆ ಹೋದದ್ದು ಆಮೇಲೆ. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು ೧೯೪೨ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ರೈಲಿಳಿದು ಬರುವ ಗುಮಾಸ್ತರಿಗೆ ಅಲ್ಲಿ ಬಾಳೆಯೆಲೆಯ ಮೇಲೆ ಬಿಸಿ ಅನ್ನ, ಸಾರು ದೊರೆಯುತ್ತಿತ್ತು. ಕೈಯಲ್ಲಿ ಬಂಡವಾಳವಿಲ್ಲದೆ, ಊರಿನ ಮಾತು ಸರಿಯಾಗಿ ಬಾರದೆ ಬಂದ ಮನುಷ್ಯ ಆ ಊರಿನ ಜೊತೆ ಮಾತನಾಡಲು ಕಂಡುಕೊಂಡ ಭಾಷೆ ಇದು.

ಆದರೆ ತನ್ನ ಊರಿನ ರುಚಿಯನ್ನು ಇದ್ದಂತೆಯೇ ತಂದು ಬಡಿಸಿದರೆ ಇನ್ನೊಂದು ಊರು ಒಪ್ಪುವುದೆ? ಇದನ್ನು ಗೃಹಿಣಿಯರಾದ ನೀವು ಬೇಗ ತಿಳಿಯಬಲ್ಲಿರಿ. ಕರಾವಳಿಯವರದು ಕುಚ್ಚಲಕ್ಕಿ, ತೆಂಗಿನೆಣ್ಣೆ. ಮೈಸೂರು ಸೀಮೆಯವರದು ಬೆಳ್ತಿಗೆ ಅಕ್ಕಿ, ರಾಗಿ, ಕಡಲೆಕಾಯಿ ಎಣ್ಣೆ. ಸಮುದ್ರದಂಡೆಯ ಸೆಕೆಗೆ ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಬಂದಿರುತ್ತದೆ. ಮೈಸೂರಿನ ಮಾಗಿಯ ಚಳಿಯಲ್ಲಿ ಅದೇ ಹಿಟ್ಟು ಅಲುಗಾಡದೆ ಕೂತಿರುತ್ತದೆ. ಹಿಟ್ಟು ಹುಳಿಯುವುದು ಕಣ್ಣಿಗೆ ಕಾಣದ ಜೀವಾಣುಗಳ ಕೆಲಸ. ಅವಕ್ಕೆ ಬೆಚ್ಚಗೆ ಬೇಕು. ಆದುದರಿಂದ ಘಟ್ಟದ ಮೇಲೆ ಬಂದ ಅಡಿಗೆಯವನು ಹೊತ್ತಿಗೆ ಮುಂಚೆ ರುಬ್ಬುವುದನ್ನೂ, ಪಾತ್ರೆಯನ್ನು ಒಲೆಯ ಮಗ್ಗುಲಲ್ಲಿ ಇಡುವುದನ್ನೂ ಕಲಿಯಬೇಕಾಯಿತು. ಊರಿನ ನಾಲಗೆಯನ್ನು ತಿಳಿಯುವ ಮೊದಲು ಊರಿನ ಹವೆಯನ್ನು ತಿಳಿಯಬೇಕು. ಮುಂಬಯಿಯ ಉಡುಪಿ ಹೋಟೆಲುಗಳು ಮುಂದೆ ಪಾವ್ ಭಾಜಿಯನ್ನೂ ಪಂಜಾಬಿ ಪಲ್ಯಗಳನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡವು. ಇದನ್ನು ಕೆಲವರು ಕುಲಗೆಟ್ಟ ಅಡಿಗೆ ಎಂದು ಹಳಿಯುತ್ತಾರೆ. ನೆರೆಮನೆಯವರು ಏನು ಉಣ್ಣುತ್ತಾರೆಂದು ಕೇಳಿ ತಿಳಿದು ಮಾಡಿದ ಅಡಿಗೆ ಎಂದು ನಾನು ಹೇಳುತ್ತೇನೆ.

ಬೆಂಗಳೂರಿನ ಮಾವಳ್ಳಿಯ ಕತೆಯನ್ನು ನೋಡಿ. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಒಂದು ಸಣ್ಣ ಹೋಟೆಲು ತೆರೆದರು. ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಯುದ್ಧದ ಕಾಲದಲ್ಲಿ, ೧೯೪೨ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಗೋಧಿಯ ರವೆಗೆ ಮೊಸರು ಬೆರಸಿ ಬೇಯಿಸಿದರು. ಇಂದು ನೀವು ಮಕ್ಕಳಿಗೆ ಮಾಡಿಕೊಡುವ ರವೆ ಇಡ್ಲಿ ಹೀಗೆ ಹುಟ್ಟಿತೆಂದು ಆ ಮನೆಯವರು ಹೇಳುತ್ತಾರೆ. ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ನೋಡಿಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಕ್ರಮ ತಂದರು; ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಬಹುದೆಂದರು. ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ತೋರುವುದು ಹೆಸರಿನ ಬದಲಾವಣೆ. ಜಾತಿಯ ಹೆಸರಿನಲ್ಲಿ ಹುಟ್ಟಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಹಲಗೆಯ ಮೇಲಿನಿಂದ ಜಾತಿ ಇಳಿದು ಬೀದಿಯ ಹೆಸರು ಏರಿತು. ಪರವೂರಿನವನು ಆ ಊರಿನವನಾದ ಗುರುತು ಅದು.

ಈ ಮಾತಿಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಟ್ಟರೆ ಕತೆ ಸಿಹಿಯಾದೀತು, ನಿಜವಾಗದು. ಆ ಕಾಲದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಕೋಣೆ. ದಲಿತರಿಗೆ ಬಾಗಿಲೇ ಇಲ್ಲ. ಇದ್ದರೂ ಹೊರಜಗಲಿಯಲ್ಲಿ ಬೇರೆಯ ಲೋಟ. ಸಾವಿರ ಜನರಿಗೆ ಉಣಬಡಿಸಿದ ಕೈಯೇ ಒಬ್ಬನನ್ನು ಹೊರಗೆ ನಿಲ್ಲಿಸಿತು. ೧೯೫೦ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದಾಗ ಅದರ ಹದಿನೈದನೆಯ ವಿಧಿಯಲ್ಲಿ ಹೋಟೆಲುಗಳ ಹೆಸರನ್ನೇ ಎತ್ತಿ, ಮತ ಜಾತಿಗಳ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸಕೂಡದೆಂದು ಬರೆಯಬೇಕಾಯಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧವೆಂದಿತು. ಒಂದು ದೇಶದ ಮೂಲಶಾಸನದಲ್ಲಿ ಹೋಟೆಲಿನ ಬಾಗಿಲಿಗೆ ಜಾಗ ಕೊಡಬೇಕಾಯಿತೆಂದರೆ, ಜೊತೆಗೆ ಕೂತು ಉಣ್ಣುವುದು ಎಷ್ಟು ಭಾರವಾದ ವಿಷಯವೆಂಬುದು ನಿಮಗೆ ತಿಳಿಯುತ್ತದೆ. ಅನ್ನ ತಾನಾಗಿ ಯಾರನ್ನೂ ಕೂಡಿಸುವುದಿಲ್ಲ. ಪಂಕ್ತಿಯನ್ನು ಹೇಗೆ ಹಾಕುತ್ತೇವೆ ಎಂಬುದರ ಮೇಲೆ ಅದು ಕೂಡಿಸಲೂಬಹುದು, ಅಗಲಿಸಲೂಬಹುದು. ಯಾರ ಕೈಯಡಿಗೆ ಎಂದು ವಿಚಾರಿಸಿ ಎದ್ದುಹೋಗುವವರು ಇಂದೂ ಇದ್ದಾರೆ.

ಇನ್ನು ಅಡಿಗೆಯವನ ಸ್ವಂತ ಬದುಕು. ಎಲ್ಲರಿಗೂ ಬಿಸಿಯಾಗಿ ಬಡಿಸಿದವನು ತಾನು ಉಣ್ಣುವುದು ಆರಿದ ಅನ್ನ, ಅದೂ ಅಪರಾಹ್ನ ಮೂರರ ಮೇಲೆ. ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಸರಿಸಿ ಅಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದ ಹುಡುಗರು ಎಷ್ಟೋ ಮಂದಿ. ಸಂಬಳ ಮನಿಯಾರ್ಡರಿನಲ್ಲಿ ಊರಿಗೆ ಹೋಗುತ್ತಿತ್ತು. ಮುಂಬಯಿಯ ಕನ್ನಡಿಗರು ಈ ಹುಡುಗರನ್ನು ಕಂಡು ಒಂದು ದೊಡ್ಡ ಕೆಲಸ ಮಾಡಿದರು. ರಾತ್ರಿ ಶಾಲೆಗಳನ್ನು ತೆರೆದರು. ಮೊಗವೀರ ವ್ಯವಸ್ಥಾಪಕ ಮಂಡಳಿಯವರ ರಾತ್ರಿ ಶಾಲೆ ೧೯೦೮ರಷ್ಟು ಹಳೆಯದು. ಹಗಲೆಲ್ಲ ಲೋಟ ತೊಳೆದ ಹುಡುಗ ರಾತ್ರಿ ಬೆಂಚಿನ ಮೇಲೆ ಕೂತು ಕನ್ನಡ ಓದಿದ, ಲೆಕ್ಕ ಕಲಿತ. ಹೀಗೆ ಓದಿದವರಲ್ಲಿ ಹೋಟೆಲಿನ ಯಜಮಾನರಾದವರಿದ್ದಾರೆ, ವಕೀಲರಾದವರಿದ್ದಾರೆ, ಬರೆಹಗಾರರಾದವರೂ ಇದ್ದಾರೆ. ಊರಿಗೆ ಉಣಬಡಿಸಿದವನಿಗೆ ಊರು ತಿರುಗಿ ಕೊಡಬಹುದಾದದ್ದು ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ದೇಶವನ್ನೇ ಬಿಟ್ಟು ಬಂದವರ ಮಾತೂ ಒಂದಿಷ್ಟು ಹೇಳಬೇಕು. ಮೈಸೂರಿನಿಂದ ಮಡಿಕೇರಿಯ ದಾರಿಯಲ್ಲಿರುವ ಬೈಲಕುಪ್ಪೆಯಲ್ಲಿ ಅಂದಿನ ಮೈಸೂರು ಸರ್ಕಾರ ಟಿಬೆಟ್ಟಿನ ನಿರಾಶ್ರಿತರಿಗೆ ಸುಮಾರು ೩,೦೦೦ ಎಕರೆ ಭೂಮಿ ಕೊಟ್ಟಿತು. ೧೯೬೧ರ ಹೊತ್ತಿಗೆ ಅಲ್ಲಿ ವಸತಿ ಪ್ರಾರಂಭವಾಯಿತು. ಹಿಮದ ನಾಡಿನಲ್ಲಿ ಹುರಿದ ಬಾರ್ಲಿಯ ಹಿಟ್ಟನ್ನು ಬೆಣ್ಣೆಯ ಚಹದಲ್ಲಿ ಕಲಸಿ ತಿನ್ನುತ್ತಿದ್ದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಈಗ ಮೈಸೂರಿನ ಮಂದಿಯೇ ರಜೆಯ ದಿನ ಅಲ್ಲಿಗೆ ಹೋಗಿ ಮೋಮೋ ಎಂಬ ಹಬೆಯ ಕಡುಬನ್ನೂ ತುಕ್ಪಾ ಎಂಬ ಶಾವಿಗೆಯ ಸಾರನ್ನೂ ಕೇಳಿ ತಿನ್ನುತ್ತಾರೆ. ನಮ್ಮ ಕಡುಬಿನ ಜಾತಿಗೆ ಸೇರಿದ್ದೇ ಇದು ಎಂದು ನಮ್ಮ ಅಜ್ಜಿಯರಾದರೆ ತಟ್ಟನೆ ಹೇಳಿಬಿಡುತ್ತಿದ್ದರು. ಆಶ್ರಯ ಬೇಡಿ ಬಂದವನು ಅತಿಥಿಗಳನ್ನು ಕರೆದು ಉಣಬಡಿಸುವವನಾದ ಮೇಲೆ ಅವನ ಬೆನ್ನು ನೆಟ್ಟಗಾಗುತ್ತದೆ. ಬೇಡುವವನಿಗೂ ಬಡಿಸುವವನಿಗೂ ಇರುವ ಅಂತರ ಸಣ್ಣದಲ್ಲ.

ಹಾಗಾದರೆ ನಾವು ನೀವು ಮಾಡಬೇಕಾದದ್ದು ಏನು? ಬಹಳ ದೊಡ್ಡದೇನೂ ಇಲ್ಲ. ನಿಮ್ಮ ಬೀದಿಯ ತಿಂಡಿಯಂಗಡಿಯವರನ್ನು 'ಏ ಹುಡುಗಾ' ಎನ್ನುವ ಬದಲು ಹೆಸರು ಕೇಳಿ ತಿಳಿದು ಕರೆಯಿರಿ. ನಿಮ್ಮೂರು ಯಾವುದಪ್ಪ, ಮನೆಯಲ್ಲಿ ಯಾರಿದ್ದಾರೆ, ಹಬ್ಬಕ್ಕೆ ನಿಮ್ಮ ಕಡೆ ಏನು ಮಾಡುತ್ತಾರೆ ಎಂದು ವಿಚಾರಿಸಿರಿ. ಯುಗಾದಿಯ ಒಬ್ಬಟ್ಟನ್ನೂ ರಂಜಾನಿನ ಶೀರ್ ಖುರ್ಮಾವನ್ನೂ ಗೋಡೆಯಾಚೆ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ನಿಮ್ಮ ಬೀದಿಯಲ್ಲಿದ್ದರೆ ಆ ವಿನಿಮಯದಲ್ಲಿ ಪರವೂರಿನ ಅಡಿಗೆಯವನಿಗೂ ಒಂದು ಪಾಲಿರಲಿ. ಅಂಗಡಿಯಲ್ಲಿ ಕೆಲಸಕ್ಕಿರುವವನು ಓದುವ ವಯಸ್ಸಿನ ಮಗುವಾಗಿ ಕಂಡರೆ ಸುಮ್ಮನೆ ಎದ್ದುಬರಬೇಡಿ. ಅವನು ಶಾಲೆಗೆ ಹೋಗುವಂತೆ ಯಜಮಾನರೊಡನೆ ಮಾತನಾಡಿ. ಹದಿನಾಲ್ಕರ ಒಳಗಿನವರನ್ನು ದುಡಿಸುವುದನ್ನು ಕಾನೂನು ಈಗ ನಿಷೇಧಿಸಿದೆ.

ನಮ್ಮ ಮನೆಯ ಒಲೆಯ ಮೇಲೆ ಬೇರೆ ಊರಿನ ಅಡಿಗೆ ಆಗಲೇ ಏರಿ ಕೂತಿದೆ. ಅದನ್ನು ತಂದ ಮನುಷ್ಯನಿಗೆ ನಮ್ಮ ಜಗಲಿಯ ಮೇಲೂ ಒಂದಿಷ್ಟು ಸ್ಥಳ ಕೊಡೋಣ. ಮುಂದಿನ ಸಲ ನಿಮ್ಮ ಎಲೆಗೆ ಇಡ್ಲಿ ಬಿದ್ದಾಗ, ಬಡಿಸಿದವರನ್ನು ತಲೆಯೆತ್ತಿ ನೋಡಿ, 'ನಿಮ್ಮದು ಊಟವಾಯಿತೆ?' ಎಂದು ಒಂದು ಮಾತು ಕೇಳಿರಿ.