ಕ್ವೆಟ್ಟಾದಲ್ಲಿ ಹೊಸ ಸಂಸಾರ

ಕೊಡವ ಮನೆಗಳಿಗೆ ಜನರಲ್ ಕೆ.ಎಸ್. ತಿಮ್ಮಯ್ಯ ಚಿರಪರಿಚಿತರು. ಅವರ ಪತ್ನಿ ನೀನಾ ಅವರನ್ನೂ ಅಷ್ಟೇ ಅಭಿಮಾನದಿಂದ ನೆನೆಯಬೇಕು.

ಇಬ್ಬರ ಮದುವೆಯಾದದ್ದು 1935ರಲ್ಲಿ, ಹೊಸ ಸಂಸಾರ ಈಗಿನ ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಅದೇ ವರ್ಷ ಮೇ 31ರ ನಸುಕಿನಲ್ಲಿ ಊರು ಇನ್ನೂ ಮಲಗಿದ್ದಾಗಲೇ ಭೂಮಿ ನಡುಗಿತು. ಮನೆಗಳು ಕುಸಿದವು, ಮಲಗಿದ್ದ ಸಾವಿರಾರು ಜನ ಅವುಗಳಡಿಯಲ್ಲೇ ಸಿಕ್ಕಿಕೊಂಡರು. ಸೇನಾಧಿಕಾರಿಯ ಹೆಂಡತಿ ಎಂದು ನೀನಾ ದೂರ ನಿಲ್ಲಲಿಲ್ಲ. ಸಂತ್ರಸ್ತರ ಸೇವೆಗೆ ಇಳಿದರು. ಅದಕ್ಕಾಗಿ ಬ್ರಿಟಿಷ್ ಸರ್ಕಾರದ ಕೈಸರ್-ಎ-ಹಿಂದ್ ಪದಕ ಬಂದದ್ದು ಅವರದೇ ಹೆಸರಿಗೆ. ಗಂಡನ ಕೀರ್ತಿ ಇನ್ನೂ ಮುಂದಿತ್ತು.

1948ರ ನವೆಂಬರಿನಲ್ಲಿ ಕಾಶ್ಮೀರ ಯುದ್ಧದಲ್ಲಿ ತಿಮ್ಮಯ್ಯ ಜೋಜಿಲಾ ಕಣಿವೆಮಾರ್ಗಕ್ಕೆ ಟ್ಯಾಂಕ್ ಹತ್ತಿಸಿದರು. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಯುದ್ಧ, ವರ್ಗಾವಣೆಗಳ ನಡುವೆ ನಿಧಾನವಾಗಿ ಮಾಗುವ ಒಲವನ್ನು ಸೈನಿಕ ಕುಟುಂಬಗಳು ಚೆನ್ನಾಗಿ ಬಲ್ಲವು. 1965ರ ಡಿಸೆಂಬರಿನಲ್ಲಿ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ ತಿಮ್ಮಯ್ಯ ತೀರಿಕೊಂಡರು. ಮೂವತ್ತು ವರ್ಷದ ದಾಂಪತ್ಯವದು.