ಬೀಗರ ಪಂಕ್ತಿಯಿಂದ ಎದ್ದ ಕ್ರಿಕೆಟ್



ನಾನು ಹೋಬಳಿ ಕ್ರೀಡಾಕೂಟದಲ್ಲಿ ಓಡಿದ್ದು ಮೂರು ವರ್ಷ. ಸುಣ್ಣದ ಗೆರೆ, ಖೋ ಖೋ ಕಂಬ, ಕಬಡ್ಡಿ ಅಂಕಣ, ಥ್ರೋಬಾಲ್ ಬಲೆ ಎಲ್ಲವೂ ಇರುತ್ತಿದ್ದವು. ಕ್ರಿಕೆಟ್ ಇರುತ್ತಿರಲಿಲ್ಲ. ಕೂಟ ಮುಗಿದ ಮಾರನೆಯ ದಿನ ಅದೇ ಮೈದಾನದಲ್ಲಿ ತೆಂಗಿನ ಮಟ್ಟೆ ಹಿಡಿದು ನಾವು ಆಡುತ್ತಿದ್ದುದು ಮಾತ್ರ ಕ್ರಿಕೆಟ್ಟೇ. ಕೂಟಕ್ಕೆ ಆ ಆಟ ಬೇಡವಾಗಿತ್ತೋ, ಆ ಆಟಕ್ಕೆ ಕೂಟ ಬೇಡವಾಗಿತ್ತೋ? ಹುಡುಗರಾಗಿದ್ದಾಗ ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಳ್ಳುತ್ತಿದ್ದೇನೆ.

ಮದುವೆ ಮನೆಯಲ್ಲಿ ಬೀಗರಿಗೆ ಬೇರೆ ಪಂಕ್ತಿ. ಎಲೆ ದೊಡ್ಡದು, ಬಡಿಸುವವರು ಇಬ್ಬರು ಹೆಚ್ಚು, ತುಪ್ಪ ಎರಡನೇ ಸಲ ಬರುತ್ತದೆ. ನಮ್ಮ ದೇಶದಲ್ಲಿ ಕ್ರಿಕೆಟ್ ಆ ಪಂಕ್ತಿಯಲ್ಲಿ ಕೂತ ಆಟ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಎಂದರೆ ಊರೊಟ್ಟಿನ ಊಟ. ಬಿಲ್ಲುಗಾರಿಕೆಯವಳ ಪಕ್ಕ, ಕುಸ್ತಿಯವನ ಎದುರು ಕೂತು, ಎಲ್ಲರಿಗೂ ಬಡಿಸಿದ್ದನ್ನೇ ಉಣ್ಣಬೇಕು. ಅಲ್ಲಿ ಕೂರಲು ಕ್ರಿಕೆಟ್ ಪಟ್ಟ ಸಂಕೋಚದ ಕಥೆ ಸ್ವಾರಸ್ಯವಾಗಿದೆ.

ಮೊದಲ ಸಲ ಕೂತದ್ದು 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ. ಬೆಲ್ಜಿಯಂ, ನೆದರ್ಲೆಂಡ್ಸ್ ಹಿಂದೆ ಸರಿದು ಉಳಿದದ್ದು ಎರಡೇ ತಂಡ, ನಡೆದದ್ದು ಒಂದೇ ಪಂದ್ಯ. ವ್ಯಾನ್ಸೆನ್‌ನ ಸೈಕಲ್ ಪಂದ್ಯದ ಅಂಗಳದಲ್ಲಿ, ಆಗಸ್ಟ್ 19 ಮತ್ತು 20ರಂದು, ತಲಾ 12 ಮಂದಿ ಆಡಿದರು. ಫ್ರಾನ್ಸ್ ತಂಡದಲ್ಲಿದ್ದವರಲ್ಲಿ ಬಹುಪಾಲು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಇಂಗ್ಲಿಷರೇ. ಬ್ರಿಟನ್ 158 ರನ್‌ಗಳಿಂದ ಗೆದ್ದಿತು. ಅದು ಒಲಿಂಪಿಕ್ಸ್ ಪಂದ್ಯವೆಂದು ಅಧಿಕೃತವಾಗಿ ದಾಖಲಾದದ್ದು 1912ರಲ್ಲಿ. ಆಡಿ ಹನ್ನೆರಡು ವರ್ಷದ ಮೇಲೆ ಚಿನ್ನ!

ಆಮೇಲೆ ಹೆಚ್ಚುಕಡಿಮೆ ಒಂದು ಶತಮಾನವೇ ಕಳೆಯಿತೆನ್ನಿ. 1998ರ ಸೆಪ್ಟೆಂಬರ್‌ನಲ್ಲಿ ಕ್ವಾಲಾಲಂಪುರದ ಕಾಮನ್‌ವೆಲ್ತ್ ಗೇಮ್ಸ್‌ಗೆ 50 ಓವರ್‌ಗಳ ಕ್ರಿಕೆಟ್ ಸೇರಿತು. 16 ತಂಡಗಳು ಬಂದವು. ಅದೇ ದಿನಗಳಲ್ಲಿ ಟೊರಾಂಟೊದಲ್ಲಿ ಪಾಕಿಸ್ತಾನದ ಎದುರು ಸಹಾರಾ ಕಪ್ ಸರಣಿಯೂ ಇತ್ತು. ನಮ್ಮವರು ತಂಡವನ್ನು ಎರಡು ಹೋಳು ಮಾಡಿದರು. ಅಜರುದ್ದೀನ್ ನಾಯಕತ್ವದಲ್ಲಿ ಟೊರಾಂಟೊಗೆ ಹೋದವರಲ್ಲಿ ದ್ರಾವಿಡ್ ಇದ್ದರು, ಅಜಯ್ ಜಡೇಜ ಜೊತೆ ಕ್ವಾಲಾಲಂಪುರಕ್ಕೆ ಹೋದವರಲ್ಲಿ ಸಚಿನ್ ಮತ್ತು ನಮ್ಮ ಕುಂಬ್ಳೆ ಇದ್ದರು. ಒಬ್ಬನೇ ಯಜಮಾನ ಒಂದೇ ಮುಹೂರ್ತದ ಎರಡು ಮದುವೆಗೆ ಹೊರಟರೆ ಆಗುವುದೇ ಆಯಿತು. ಟೊರಾಂಟೊದಲ್ಲಿ ಪಾಕಿಸ್ತಾನ 4–1ರಿಂದ ಸರಣಿ ಗೆದ್ದಿತು. ಕ್ವಾಲಾಲಂಪುರದಲ್ಲಿ ಆಂಟಿಗುವಾ ಎದುರಿನ ಪಂದ್ಯ ಮಳೆಯ ಪಾಲು, ಕೆನಡಾ ಮೇಲೆ ಗೆಲುವು, ಆಸ್ಟ್ರೇಲಿಯಾ ಎದುರು ಸೋಲು, ಅಲ್ಲಿಗೆ ಗಂಟುಮೂಟೆ. ಶಾನ್ ಪೊಲಾಕ್ ನಾಯಕತ್ವದ ದಕ್ಷಿಣ ಆಫ್ರಿಕಾ, ಸ್ಟೀವ್ ವಾ ಅವರ ಆಸ್ಟ್ರೇಲಿಯಾವನ್ನು 4 ವಿಕೆಟ್‌ಗಳಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಪಂದ್ಯಗಳಿಗೆ ಅಂತರರಾಷ್ಟ್ರೀಯ ಏಕದಿನದ ಮಾನ್ಯತೆ ಸಿಗಲಿಲ್ಲ. ಅಲ್ಲಿ ಕುಂಬ್ಳೆ ಉರುಳಿಸಿದ ವಿಕೆಟ್‌ಗಳು ಅವರ 337ರ ಲೆಕ್ಕದಲ್ಲಿ ಇಲ್ಲ.

ಆಂಟಿಗುವಾ ಎಂದೆ, ವೆಸ್ಟ್ ಇಂಡೀಸ್ ಎನ್ನಲಿಲ್ಲ. ಕ್ರೀಡಾಕೂಟದಲ್ಲಿ ವೆಸ್ಟ್ ಇಂಡೀಸ್ ಎಂಬ ದೇಶವೇ ಇಲ್ಲ. ಜಮೈಕಾ, ಬಾರ್ಬಡೋಸ್, ಆಂಟಿಗುವಾ ಒಂದೊಂದೂ ತನ್ನ ಬಾವುಟ ಹಿಡಿದು ಬರಬೇಕು. ಒಲಿಂಪಿಕ್ಸ್‌ನಲ್ಲಾದರೆ ಇಂಗ್ಲೆಂಡ್ ಕೂಡ ತನ್ನ ಹೆಸರು ಬಿಟ್ಟು ಗ್ರೇಟ್ ಬ್ರಿಟನ್ ಆಗಬೇಕು. ನಮ್ಮ ಊರವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಲ್ಲಿ ನಂಜನಗೂಡಿನಲ್ಲಿ ನಂಜುಂಡನ ಪಾದದ ಬಳಿ ಕಪಿಲೆ ಎನ್ನಿಸಿಕೊಂಡ ನೀರು ತಿರುಮಕೂಡಲಿನ ಸಂಗಮ ದಾಟಿದರೆ ಬರೀ ಕಾವೇರಿ. ಕಪಿಲೆಯೇನೂ ಬತ್ತುವುದಿಲ್ಲ, ಹೆಸರು ಹೋಗುತ್ತದೆ ಅಷ್ಟೆ.

ಹೆಸರು ಬಿಡುವುದಕ್ಕೆ ನಮ್ಮ ಕ್ರಿಕೆಟ್ ಮಂಡಳಿಗೆ ಮನಸ್ಸಿರಲಿಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ, ಬೇರೆ ಸರಣಿಗಳಿವೆ ಎಂಬ ಕಾರಣ ಹೇಳಿ ತಂಡ ಕಳಿಸಲಿಲ್ಲ. 2014ರ ಇಂಚಾನ್‌ಗೂ ಇಲ್ಲ. ಗುವಾಂಗ್‌ಝೌನಲ್ಲಿ ಅಫ್ಘಾನಿಸ್ತಾನವನ್ನು ಮಣಿಸಿ ಬಾಂಗ್ಲಾದೇಶ ಪಡೆದ ಚಿನ್ನ, ಏಷ್ಯನ್ ಗೇಮ್ಸ್‌ನ ಯಾವುದೇ ಆಟದಲ್ಲಿ ಆ ದೇಶಕ್ಕೆ ದಕ್ಕಿದ ಮೊಟ್ಟಮೊದಲ ಚಿನ್ನ. ನಮಗೆ ಬೇಡವಾದ ಎಲೆಯಲ್ಲಿ ಇನ್ನೊಬ್ಬರ ಹಬ್ಬದೂಟ!

ಆಮೇಲೆ ಊರೊಟ್ಟಿನ ಪಂಕ್ತಿಗೆ ಮೊದಲು ಬಂದು ಕೂತವರು ನಮ್ಮ ಹೆಣ್ಣುಮಕ್ಕಳು. 2022ರ ಆಗಸ್ಟ್ 7ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ 161 ಹೊಡೆಯಿತು. ಹರ್ಮನ್‌ಪ್ರೀತ್ 65 ಹೊಡೆದರೂ ಭಾರತ 152ಕ್ಕೆ ಕುಸಿದು ಬೆಳ್ಳಿಗೆ ಸಮಾಧಾನಪಟ್ಟಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, ಸೆಪ್ಟೆಂಬರ್ 25ರಂದು, 116 ರನ್ ಇಟ್ಟುಕೊಂಡೇ ಶ್ರೀಲಂಕಾವನ್ನು 97ಕ್ಕೆ ತಡೆದು ಚಿನ್ನ ತಂದರು. ಆ ಫೈನಲ್‌ನಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ ಎರಡು ವಿಕೆಟ್ ಕಿತ್ತರು. ಗಂಡಸರ ಚಿನ್ನ ಬಂದದ್ದು ಮಳೆಯಿಂದ. ಅಫ್ಘಾನಿಸ್ತಾನ 112ಕ್ಕೆ 5 ಆಗಿದ್ದಾಗ ಆಟ ನಿಂತು, ಶ್ರೇಯಾಂಕ ನೋಡಿ ಋತುರಾಜ್ ಗಾಯಕವಾಡರ ತಂಡಕ್ಕೆ ಪದಕ ಕೊಟ್ಟರು. ಇಂಥ ಚಿನ್ನ ನನಗಷ್ಟು ರುಚಿಸುವುದಿಲ್ಲ, ಆದರೂ ಲೆಕ್ಕದಲ್ಲಿ ಅದು ಚಿನ್ನವೇ. ಅದೇ ಕೂಟದಲ್ಲಿ ನೇಪಾಳ 20 ಓವರ್‌ಗೆ 314 ಹೊಡೆದು ಮಂಗೋಲಿಯಾವನ್ನು 41ಕ್ಕೆ ಮಡಿಚಿತು. ದೀಪೇಂದ್ರ ಸಿಂಗ್ ಐರಿ 9 ಎಸೆತಕ್ಕೆ 50 ಹೊಡೆದದ್ದು ಅಲ್ಲೇ. ಎಲೆ ಹಾಕಿದ ಮಾತ್ರಕ್ಕೆ ಎಲ್ಲರ ಹಸಿವೂ ಒಂದೇ ಆಗುವುದಿಲ್ಲ, ನಿಜ.

ನಾನು ಹೇಳಬೇಕೆಂದು ಬಂದದ್ದು ಹಾಂಗ್‌ಝೌನ ಪದಕ ಪಟ್ಟಿಯ ವಿಚಾರ. ಭಾರತಕ್ಕೆ ಒಟ್ಟು 107 ಪದಕ, ಅದರಲ್ಲಿ 28 ಚಿನ್ನ. ಕ್ರಿಕೆಟ್‌ನಿಂದ ಎರಡು ಚಿನ್ನ, ಕಬಡ್ಡಿಯಿಂದಲೂ ಎರಡು. ಕೋಟಿಗಟ್ಟಲೆ ಬೆಲೆಯ ಆಟಗಾರ, ಬೆಳಗಿನ ಜಾವ ಮಣ್ಣಿನಲ್ಲಿ ತೊಡೆ ತಟ್ಟಿ ಬೆಳೆದ ಆಟಗಾರ, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದನ್ನು ನಾನು ಕಂಡದ್ದು ಆ ಪಟ್ಟಿಯಲ್ಲೇ.

2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮುಂಬೈ ಅಧಿವೇಶನದಲ್ಲಿ ಕ್ರಿಕೆಟ್ಟನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸಿಕೊಂಡರು. ಗಂಡಸರದು ಆರು ತಂಡ, ಹೆಂಗಸರದು ಆರು, ಎಲ್ಲ ಟಿ20. ಸ್ಕ್ವಾಷ್, ಲಕ್ರೋಸ್ ಮೊದಲಾದವಕ್ಕೂ ಆಗಲೇ ಎಲೆ ಬಿತ್ತು.

ಖೋ ಖೋಗೆ ಬಿದ್ದಿಲ್ಲ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಬಿ. ಚೈತ್ರಾ 2025ರ ಜನವರಿ 19ರಂದು ದೆಹಲಿಯಲ್ಲಿ ಏನು ಮಾಡಿದಳೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೂ ಈ ಮಾತುಗಳನ್ನು ಮುಂದೆ ಪುಸ್ತಿಕೆಯಲ್ಲಿ ಓದುವವರಿಗಾಗಿ ಹೇಳುತ್ತೇನೆ. ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್, ಎದುರಾಳಿ ನೇಪಾಳ. ಚೈತ್ರಾಳ ಗುಂಪು ಸಿಕ್ಕದೆ ಓಡಿದ್ದು 5 ನಿಮಿಷ 14 ಸೆಕೆಂಡು. ಭಾರತ 78–40ರಿಂದ ಗೆದ್ದಿತು, ಪಂದ್ಯದ ಶ್ರೇಷ್ಠ ಆಟಗಾರ್ತಿ ಅವಳೇ. ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು, ಮಹಾರಾಷ್ಟ್ರ ತನ್ನವರಿಗೆ ಕೊಟ್ಟದ್ದರ ಪಕ್ಕ ಇಟ್ಟು ನೋಡಿ, ಅವಳೂ ಪುರುಷರ ತಂಡದ ಗೌತಮ್ ಕೂಡ ಬೇಡವೆಂದರು. ದುರಾಸೆ ಎಂದವರುಂಟು. ನನಗೆ ಅದು ತಕ್ಕಡಿ ಕೇಳಿದ ಹಾಗೆ ಕಂಡಿತು.

ಕ್ರಿಕೆಟ್ ಒಲಿಂಪಿಕ್ಸ್‌ಗೆ ಹೋಗಬೇಕೆ, ಅದರ ಘನತೆ ಕುಗ್ಗುವುದಿಲ್ಲವೆ ಎಂದು ಕೇಳುವವರು ಈ ಸಭೆಯಲ್ಲೂ ಇರಬಹುದು. ಕುಗ್ಗಲಿ ಎಂದೇ ನನ್ನ ಆಸೆ. ಲಾಸ್ ಏಂಜಲೀಸ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಪಂದ್ಯ ಶುರುವಾದರೆ ನಮಗೆ ರಾತ್ರಿ ಒಂಬತ್ತೂವರೆ. ಟಿ.ವಿ. ಮುಂದೆ ಕೂರುವ ನನ್ನ ಮೊಮ್ಮಕ್ಕಳು ಅಂದು ಗೆಳೆಯರಿಗೆ ಹೇಳಬೇಕಾದದ್ದು ಯಾರು ಎಷ್ಟು ಹೊಡೆದರು, ಯಾರು ಎಷ್ಟು ಕೆಡವಿದರು ಎಂಬುದನ್ನಲ್ಲ. ಇವತ್ತು ನಮಗೆ ಎಷ್ಟು ಪದಕ ಬಂತು, ಯಾವ ಯಾವ ಆಟದಲ್ಲಿ, ಅದರಲ್ಲಿ ಕ್ರಿಕೆಟ್ಟೂ ಇತ್ತೇ ಎಂದು.